5ಡಬ್ಲ್ಯೂ-30 ಅಂದರೆ ಏನು? ಸಣ್ಣ ಕಾರಿಗೆ ಇಂಜಿನ್ ಆಯಿಲ್ ಆರಿಸುವ ಬಗೆ

ಒಂದು ಸಲ ಸರ್ವಿಸ್ ಮುಗಿಸಿ ಕಾರು ತಂದ ಮಾರನೇ ದಿನ ಬೆಳಿಗ್ಗೆ ಕೀ ತಿರುಗಿಸಿದೆ. ಇಂಜಿನ್‌ನ ಮೇಲ್ಭಾಗದಿಂದ ಟಕಟಕ ಅಂತ ಸದ್ದು. ಐದಾರು ಸೆಕೆಂಡ್ ಬಂದು ನಿಂತಿತು. ಮಧ್ಯಾಹ್ನ ಇಂಜಿನ್ ಬಿಸಿ ಇದ್ದಾಗ ಸ್ಟಾರ್ಟ್ ಮಾಡಿದರೆ ಸದ್ದೇ ಇಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ ಟಕಟಕ. ಸರ್ವಿಸಿಗೆ ಮೊದಲು ಹೀಗೆ ಆಗುತ್ತಿರಲಿಲ್ಲ.

ಬಿಲ್ ತೆಗೆದು ನೋಡಿದೆ. 20ಡಬ್ಲ್ಯೂ-50 ಆಯಿಲ್ ಹಾಕಿದ್ದರು. ನನ್ನದು ಒಂದು ಲೀಟರಿನ, ಮೂರು ಸಿಲಿಂಡರಿನ ಪುಟ್ಟ ಪೆಟ್ರೋಲ್ ಇಂಜಿನ್. ಬಾನೆಟ್ ಎತ್ತಿದರೆ ಆಯಿಲ್ ಸುರಿಯುವ ಮುಚ್ಚಳದ ಮೇಲೇ 5ಡಬ್ಲ್ಯೂ-30 ಎಂದು ಅಚ್ಚು ಹಾಕಿದ್ದಾರೆ. ಫೋನ್ ಮಾಡಿ ಕೇಳಿದರೆ ಮೆಕ್ಯಾನಿಕ್ ಹೇಳಿದ್ದು ಇಷ್ಟು: "ಬೇಕಂತಲೇ ದಪ್ಪದ್ದು ಹಾಕಿದೀನಿ ಸಾರ್. ತೆಳು ಆಯಿಲ್ ನೀರಿದ್ದ ಹಾಗೆ, ಇಂಜಿನ್ ಬೇಗ ಸವೆದು ಹೋಗುತ್ತೆ." ಮೋಸದ ಮಾತಲ್ಲ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಒಂದು ಕಾಲಕ್ಕೆ ನಾನೂ ಹಾಗೇ ಅಂದುಕೊಂಡಿದ್ದವನು.

ದಪ್ಪ ಇದ್ದರೆ ಗಟ್ಟಿ ಎನ್ನುವ ಲೆಕ್ಕ ಹಗ್ಗಕ್ಕೆ ಸರಿ, ಬಟ್ಟೆಗೆ ಸರಿ. ಆಯಿಲ್‌ಗೆ ಆ ಲೆಕ್ಕ ಆಗಿಬರುವುದಿಲ್ಲ. ಯಾಕೆ ಅನ್ನುವುದು ಒಮ್ಮೆ ತಲೆಗೆ ಹೋದರೆ ಡಬ್ಬದ ಮೇಲಿನ ಅಂಕಿ, ಅಕ್ಷರಗಳೆಲ್ಲ ತಾವಾಗಿಯೇ ಬಾಯಿ ಬಿಡುತ್ತವೆ.

ಇಂಜಿನ್ ಒಳಗೆ ನಡೆಯುವುದು

ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿ ಬದಲಿಸುವ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್‌ಗಳ ಮೇಲೆ ಕೂತು ತಿರುಗುತ್ತದೆ ಎಂದು ಹೇಳುತ್ತೇವೆ. ನಿಜ ನೋಡಿದರೆ ಓಡುವ ಇಂಜಿನ್‌ನಲ್ಲಿ ಅದು ಬೇರಿಂಗನ್ನು ಮುಟ್ಟುವುದೇ ಇಲ್ಲ. ಎರಡರ ನಡುವೆ ಒಂದು ಸಂದು ಇದೆ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ಕೆಲವೇ ಭಾಗದಷ್ಟು. ಆ ಸಂದಿನ ತುಂಬ ಆಯಿಲ್. ಶಾಫ್ಟ್ ತಿರುಗುತ್ತಾ ಆಯಿಲನ್ನು ತನ್ನ ಅಡಿಗೆ ಎಳೆದುಕೊಂಡು, ಅಲ್ಲಿ ಹುಟ್ಟುವ ಒತ್ತಡದ ಮೇಲೆ ತಾನು ತೇಲುತ್ತದೆ. ಜೋರು ಮಳೆಯಲ್ಲಿ ವೇಗವಾಗಿ ಹೋದರೆ ಟೈರು ನೀರಿನ ಮೇಲೆ ಎದ್ದು ಹಿಡಿತ ತಪ್ಪುತ್ತದೆ ಅಲ್ವಾ, ಇಲ್ಲೂ ನಡೆಯುವುದು ಅದೇ. ಟೈರಿಗೆ ಅದು ಅಪಾಯ, ಬೇರಿಂಗಿಗೆ ಅದೇ ಜೀವ.

ಆಯಿಲ್ ತೀರಾ ತೆಳುವಾದರೆ ಈ ಪದರ ನಿಲ್ಲುವುದಿಲ್ಲ, ಲೋಹಕ್ಕೆ ಲೋಹ ತಾಗುತ್ತದೆ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ. ತೀರಾ ದಪ್ಪವಾದರೆ ಏನಾಗುತ್ತದೆ ಎನ್ನುವುದು ಮಾತ್ರ ಅಷ್ಟು ಬೇಗ ಹೊಳೆಯುವುದಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಆಯಿಲ್ ಎಲ್ಲ ಕೆಳಗಿನ ಸಂಪ್‌ಗೆ ಇಳಿದಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಪಂಪು ಅದನ್ನು ಎಳೆದು, ಫಿಲ್ಟರ್ ದಾಟಿಸಿ, ಸಣ್ಣ ಸಣ್ಣ ತೂತುಗಳ ಮೂಲಕ, ವಾಲ್ವ್‌ಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟ್ ತನಕ ಏರಿಸಬೇಕು. ಆಯಿಲ್ ದಪ್ಪ ಇದ್ದಷ್ಟೂ ಇದು ನಿಧಾನ. ಆ ಕೆಲವು ಸೆಕೆಂಡು ಮೇಲಿನ ಭಾಗಗಳು ನಿನ್ನೆ ಅಂಟಿಕೊಂಡು ಉಳಿದ ಪಸೆಯಲ್ಲೇ ಓಡುತ್ತವೆ. ನನ್ನ ಕಾರಿನ ಟಕಟಕ ಅದೇ.

ಇಲ್ಲೊಂದು ತಮಾಷೆ ಇದೆ. ಗೇಜ್ ಇರುವ ಕಾರಿನಲ್ಲಿ ದಪ್ಪ ಆಯಿಲ್ ಹಾಕಿದರೆ ಒತ್ತಡ ಜಾಸ್ತಿ ತೋರಿಸುತ್ತದೆ. ನೋಡಿದವರಿಗೆ ಖುಷಿ. ಆದರೆ ಒತ್ತಡ ಮಿತಿ ಮೀರಿದರೆ ಪಂಪಿನ ಪಕ್ಕದ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲನ್ನು ವಾಪಸ್ ಸಂಪ್‌ಗೇ ಬಿಡುತ್ತದೆ. ಫಿಲ್ಟರ್‌ನದ್ದೂ ಅದೇ ಕಥೆ. ದಪ್ಪ ಆಯಿಲ್ ಅದರ ಕಾಗದ ದಾಟಲು ಒದ್ದಾಡಿದರೆ ಬೈಪಾಸ್ ವಾಲ್ವ್ ತೆರೆಯುತ್ತದೆ, ಸೋಸದ ಆಯಿಲ್ ನೇರ ಒಳಗೆ ಹೋಗುತ್ತದೆ. ಗೇಜ್ ಒತ್ತಡವನ್ನು ತೋರಿಸುತ್ತದೆ. ಆಯಿಲ್ ಎಷ್ಟು ಹರಿಯುತ್ತಿದೆ, ಎಲ್ಲಿಗೆ ತಲುಪಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಎರಡು ಅಂಕಿ, ಎರಡು ಬೇರೆ ಪ್ರಶ್ನೆ

ಆಯಿಲ್‌ಗೆ ಗ್ರೇಡ್ ನಂಬರ್ ಕೊಡುವ ಪದ್ಧತಿ ಶುರುವಾದದ್ದು 1911ರಲ್ಲಿ. ಶುರು ಮಾಡಿದ್ದು ಅಮೆರಿಕದ ವಾಹನ ಇಂಜಿನಿಯರುಗಳ ಸಂಘ. ಡಬ್ಬದ ಮೇಲೆ ಕಾಣುವ 'ಎಸ್‌ಎಇ' ಅನ್ನುವ ಮೂರು ಅಕ್ಷರ ಆ ಸಂಘದ್ದೇ. 5ಡಬ್ಲ್ಯೂ-30 ಎಂಬುದನ್ನು ನಾವು ಒಂದೇ ಉಸಿರಿನಲ್ಲಿ ಓದುತ್ತೇವೆ. ಅದು ಎರಡು ಬೇರೆ ಪರೀಕ್ಷೆಗಳ ಫಲಿತಾಂಶ. 5ಡಬ್ಲ್ಯೂ ಎನ್ನುವುದು ಚಳಿಯ ಪರೀಕ್ಷೆ, 'ಡಬ್ಲ್ಯೂ' ಅಂದರೆ ವಿಂಟರ್. 30 ಎನ್ನುವುದು ಬಿಸಿಯ ಪರೀಕ್ಷೆ. ಎರಡೂ ಅಂಕಿ ಒಂದೇ ಅಳತೆಯವಲ್ಲ. ಹಾಗಾಗಿ "ತಣ್ಣಗಿದ್ದಾಗ 5, ಬಿಸಿಯಾದ ಮೇಲೆ ದಪ್ಪವಾಗಿ 30" ಎಂದು ಓದುವುದು ತಪ್ಪು. ಯಾವ ಆಯಿಲೂ ಬಿಸಿಯಾದಾಗ ದಪ್ಪವಾಗುವುದಿಲ್ಲ. ಎಲ್ಲವೂ ತೆಳುವಾಗುತ್ತವೆ. ಎಷ್ಟು ತೆಳುವಾಗುತ್ತವೆ ಅನ್ನುವುದರಲ್ಲೇ ವ್ಯತ್ಯಾಸ.

ಚಳಿಯ ಪರೀಕ್ಷೆಯಲ್ಲಿ ಕೊರೆಯುವ ತಂಪಿನಲ್ಲಿ ಇಂಜಿನ್ ತಿರುಗುವಂತೆ ಆಯಿಲನ್ನು ತಿರುಗಿಸಿ, ಅದು ನಿಗದಿಗಿಂತ ದಪ್ಪವಾಗಿದೆಯಾ ಎಂದು ನೋಡುತ್ತಾರೆ. 0ಡಬ್ಲ್ಯೂ ಆಯಿಲನ್ನು ಮೈನಸ್ 35 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 5ಡಬ್ಲ್ಯೂವನ್ನು ಮೈನಸ್ 30ರಲ್ಲಿ, 10ಡಬ್ಲ್ಯೂವನ್ನು ಮೈನಸ್ 25ರಲ್ಲಿ, 15ಡಬ್ಲ್ಯೂವನ್ನು ಮೈನಸ್ 20ರಲ್ಲಿ. ನೆನಪಿಡುವುದು ಸುಲಭ. 35ರಿಂದ ಡಬ್ಲ್ಯೂ ಮುಂದಿನ ಅಂಕಿ ಕಳೆದರೆ ಎಷ್ಟು ಬರುತ್ತದೋ, ಶೂನ್ಯಕ್ಕಿಂತ ಅಷ್ಟು ಕೆಳಗೆ. 20ಡಬ್ಲ್ಯೂಗೂ ಈ ಲೆಕ್ಕ ಹೊಂದುತ್ತದೆ, ಮೈನಸ್ 15.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಹಿಮ ಬೀಳದ ಜಾಗದಲ್ಲಿ ಇರುವವರಿಗೆ ಮೈನಸ್ 30ರ ಗೊಡವೆ ಯಾಕೆ? ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಕೆಲವು ಅಂಕಿ ನೋಡಬೇಕು. ಆಯಿಲ್ ಎಷ್ಟು ದಪ್ಪ ಎಂಬುದನ್ನು ಸೆಂಟಿಸ್ಟೋಕ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮಾಮೂಲಿ ನೀರಿನದು ಸುಮಾರು 1. ಇಂಜಿನ್ ಪೂರ್ತಿ ಬಿಸಿಯಾಗಿ 100 ಡಿಗ್ರಿ ತಲುಪಿದಾಗ 5ಡಬ್ಲ್ಯೂ-30 ಆಯಿಲ್ ಸುಮಾರು 10ರಿಂದ 11 ಇರುತ್ತದೆ. ಅದೇ ಆಯಿಲ್ 40 ಡಿಗ್ರಿಯಲ್ಲಿ ಹೆಚ್ಚು ಕಡಿಮೆ 60ರ ಆಸುಪಾಸು. ನಮ್ಮ ಮೈ ಬಿಸಿಗಿಂತ ಸ್ವಲ್ಪ ಜಾಸ್ತಿ ಇರುವ 40 ಡಿಗ್ರಿಯಲ್ಲೇ ಆಯಿಲ್ ಇಂಜಿನ್‌ಗೆ ಬೇಕಾದ್ದಕ್ಕಿಂತ ಐದಾರು ಪಟ್ಟು ದಪ್ಪ. ಇಂಜಿನ್ ಲೆಕ್ಕದಲ್ಲಿ 40 ಡಿಗ್ರಿಯೂ ಚಳಿಯೇ. 20 ಡಿಗ್ರಿಯ ಬೆಳಗಿನ ಜಾವ ಇನ್ನೂ ದೊಡ್ಡ ಚಳಿ.

ಈಗ ನನ್ನ ಕಾರಿಗೆ ಹಾಕಿದ್ದ 20ಡಬ್ಲ್ಯೂ-50 ನೋಡಿ. ಅದು 40 ಡಿಗ್ರಿಯಲ್ಲಿ ಸುಮಾರು 160 ಸೆಂಟಿಸ್ಟೋಕ್. ಕೇಳಿದ್ದು 60, ಕೊಟ್ಟಿದ್ದು 160. ಪೂರ್ತಿ ಬಿಸಿಯಾದ ಮೇಲೂ ಕೇಳಿದ್ದು 10, ಕೊಟ್ಟಿದ್ದು 18. ಸೂಜಿಯ ಕಣ್ಣಿಗೆ ಹಗ್ಗ ಪೋಣಿಸಿದ ಹಾಗೆ.

ಹಿಮ ಬೀಳಲಿ ಬಿಡಲಿ, ಡಬ್ಲ್ಯೂ ಮುಂದಿನ ಅಂಕಿ ಚಿಕ್ಕದಿದ್ದಷ್ಟೂ ಬೆಳಗಿನ ಸ್ಟಾರ್ಟ್‌ನಲ್ಲಿ ಆಯಿಲ್ ಬೇಗ ಮೇಲೇರುತ್ತದೆ. 0ಡಬ್ಲ್ಯೂ ಮತ್ತು 5ಡಬ್ಲ್ಯೂ ನಡುವಿನ ವ್ಯತ್ಯಾಸ ಬೆಚ್ಚಗಿನ ಜಾಗದಲ್ಲಿ ಅಷ್ಟೇನೂ ಗೊತ್ತಾಗುವುದಿಲ್ಲ. 5ಡಬ್ಲ್ಯೂ ಮತ್ತು 20ಡಬ್ಲ್ಯೂ ನಡುವಿನದು ಕಿವಿಗೇ ಕೇಳಿಸುತ್ತದೆ, ನನಗೆ ಕೇಳಿಸಿದ ಹಾಗೆ.

ಡ್ಯಾಶ್ ಆದ ಮೇಲಿನ ಅಂಕಿ

ಎರಡನೇ ಅಂಕಿ 100 ಡಿಗ್ರಿಯಲ್ಲಿ ಆಯಿಲ್ ಯಾವ ಗೆರೆಗಳ ನಡುವೆ ನಿಲ್ಲಬೇಕು ಎಂದು ಹೇಳುತ್ತದೆ. 20 ಎಂದರೆ 6.9ರಿಂದ 9.3 ಸೆಂಟಿಸ್ಟೋಕ್. 30 ಎಂದರೆ 9.3ರಿಂದ 12.5. 40 ಎಂದರೆ 12.5ರಿಂದ 16.3. 50 ಎಂದರೆ 16.3ರಿಂದ 21.9. ಗಮನಿಸಿದರೆ ಒಂದರ ಕೊನೆ ಇನ್ನೊಂದರ ಶುರು. ಹಾಗಾಗಿ ದಪ್ಪದ ಅಂಚಿನಲ್ಲಿರುವ 30 ಮತ್ತು ತೆಳು ಅಂಚಿನಲ್ಲಿರುವ 40 ಹೆಚ್ಚು ಕಡಿಮೆ ಒಂದೇ ಆಗಿಬಿಡಬಹುದು. ಈಚೆಗೆ ಇನ್ನೂ ತೆಳುವಾದ ಗ್ರೇಡುಗಳೂ ಪಟ್ಟಿಗೆ ಬಂದಿವೆ. 2013ರಲ್ಲಿ 16, ಆಮೇಲೆ 2015ರಲ್ಲಿ 12 ಮತ್ತು 8.

"ಬಿಸಿಲು ಜಾಸ್ತಿ, ಅದಕ್ಕೆ ದಪ್ಪ ಆಯಿಲ್ ಬೇಕು" ಎಂಬ ಮಾತು ಎಲ್ಲ ಕಡೆ ಕೇಳುತ್ತೇವೆ. ಇದರಲ್ಲಿ ಅರ್ಧ ಸತ್ಯ ಇದೆ. ಇಂಜಿನ್‌ನ ಬಿಸಿಯನ್ನು ಹೊರಗಿನ ಬಿಸಿಲಿಗಿಂತ ಜಾಸ್ತಿ ತೀರ್ಮಾನಿಸುವುದು ಥರ್ಮೋಸ್ಟಾಟ್ ಮತ್ತು ಕೂಲೆಂಟ್. ಹೊರಗೆ 10 ಡಿಗ್ರಿ ಇದ್ದರೂ 40 ಡಿಗ್ರಿ ಇದ್ದರೂ, ಅರ್ಧ ಗಂಟೆ ಓಡಿದ ಮೇಲೆ ಸಾಮಾನ್ಯ ಓಡಾಟದಲ್ಲಿ ಆಯಿಲ್ 90ರಿಂದ 110ರ ನಡುವೆ ಬಂದು ನಿಲ್ಲುತ್ತದೆ. ಹೊರಗೆ 30 ಡಿಗ್ರಿ ಏರಿತು ಅಂತ ಆಯಿಲೂ 30 ಡಿಗ್ರಿ ಏರುವುದಿಲ್ಲ. ಹಾಗಾದರೆ ಉಳಿದ ಅರ್ಧ? ತುಂಬಿದ ಕಾರಿನಲ್ಲಿ ಉದ್ದದ ಘಾಟಿ ಹತ್ತುವುದು, ಕಡು ಬಿಸಿಲಿನಲ್ಲಿ ಹೆದ್ದಾರಿಯ ಮೇಲೆ ಗಂಟೆಗಟ್ಟಲೆ ಕಾಲು ಒತ್ತಿಕೊಂಡೇ ಇರುವುದು, ಟ್ರೇಲರ್ ಎಳೆಯುವುದು. ಆಗ ಆಯಿಲ್ ನಿಜಕ್ಕೂ ಮಾಮೂಲಿಗಿಂತ ಬಿಸಿಯಾಗುತ್ತದೆ. ಅದಕ್ಕೇ ಹಲವು ಮ್ಯಾನ್ಯುವಲ್‌ಗಳಲ್ಲಿ ಒಂದೇ ಗ್ರೇಡ್ ಬದಲು ಹೊರಗಿನ ತಾಪಮಾನದ ಪಟ್ಟಿ ಹಾಕಿ, ಎರಡು ಮೂರು ಗ್ರೇಡ್ ತೋರಿಸಿರುತ್ತಾರೆ.

ಹರಳೆಣ್ಣೆಯಿಂದ ಪಾಲಿಮರ್ ತನಕ

ಮೊದಲ ಮಹಾಯುದ್ಧದ ಕಾಲದ ವಿಮಾನಗಳ ರೋಟರಿ ಇಂಜಿನ್‌ಗೆ ಹಾಕುತ್ತಿದ್ದದ್ದು ಹರಳೆಣ್ಣೆ. ಕ್ಯಾಸ್ಟರ್ ಅಂದರೆ ಹರಳು. 1909ರಲ್ಲಿ ಹುಟ್ಟಿದ ಕ್ಯಾಸ್ಟ್ರಾಲ್ ಎಂಬ ಹೆಸರಿನ ಒಳಗೆ ಕೂತಿರುವುದೂ ಅದೇ ಹರಳೆಣ್ಣೆ. ಬಿಸಿಯಲ್ಲಿ ಅದು ಚೆನ್ನಾಗಿ ನಿಲ್ಲುತ್ತಿತ್ತು, ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುತ್ತಿರಲಿಲ್ಲ. ಆದರೆ ಆ ಇಂಜಿನ್‌ಗಳು ಎಣ್ಣೆಯನ್ನು ಹೊರಗೇ ಉಗುಳುತ್ತಿದ್ದವು, ಅದು ಪೈಲಟ್‌ನ ಮುಖಕ್ಕೆ ಸಿಡಿಯುತ್ತಿತ್ತು. ಹರಳೆಣ್ಣೆ ಕುಡಿದವರ ಮುಖ ಎಂದು ನಾವು ಸುಮ್ನೆ ಮಾತಿಗೆ ಹೇಳುತ್ತೇವೆ, ಅವರಿಗೆ ಅದು ದಿನನಿತ್ಯದ ಪಾಡು. ಜೊತೆಗೆ ಹರಳೆಣ್ಣೆ ಕೆಲವೇ ದಿನಕ್ಕೆ ಅಂಟಾಗಿ ಕೂರುತ್ತದೆ. ಕಾರಿನ ಇಂಜಿನ್‌ನಲ್ಲಿ ತಿಂಗಳುಗಟ್ಟಲೆ ಇರಬೇಕಾದ ಎಣ್ಣೆಗೆ ಆ ಗುಣ ಆಗದು.

ಬಿಸಿಗೆ ಆಯಿಲ್ ಎಷ್ಟು ಬದಲಾಗುತ್ತದೆ ಎಂಬುದಕ್ಕೆ 1929ರಲ್ಲಿ ಡೀನ್ ಮತ್ತು ಡೇವಿಸ್ ಎಂಬ ಇಬ್ಬರು ಒಂದು ಅಳತೆ ಕೊಟ್ಟರು. ಅದೇ ವಿಸ್ಕಾಸಿಟಿ ಇಂಡೆಕ್ಸ್. ಅಂಕಿ ದೊಡ್ಡದಿದ್ದಷ್ಟೂ ಆಯಿಲ್ ಬಿಸಿಗೂ ಚಳಿಗೂ ಕಡಿಮೆ ಬದಲಾಗುತ್ತದೆ. ಅವರು ಆಗ ಸಿಗುತ್ತಿದ್ದ ಒಳ್ಳೆಯ ಎಣ್ಣೆಗೆ 100 ಅಂತ ಇಟ್ಟಿದ್ದರು. ಇವತ್ತಿನ ಸಿಂಥೆಟಿಕ್ ಮಲ್ಟಿಗ್ರೇಡ್‌ಗಳು, ಅಂದರೆ 5ಡಬ್ಲ್ಯೂ-30ರಂತೆ ಎರಡು ಅಂಕಿಯವು, 150 ದಾಟುತ್ತವೆ.

ಇದು ಹೇಗಾಯಿತು? ಬೇಸ್ ಆಯಿಲನ್ನೇ, ಅಂದರೆ ಏನೂ ಬೆರೆಸದ ಮೂಲ ಎಣ್ಣೆಯನ್ನೇ, ಚೆನ್ನಾಗಿ ಶುದ್ಧ ಮಾಡುವುದು ಒಂದು ದಾರಿ. ಅದಕ್ಕೆ ಉದ್ದನೆಯ ಪಾಲಿಮರ್ ಎಳೆಗಳನ್ನು ಸೇರಿಸುವುದು ಇನ್ನೊಂದು. ತಣ್ಣಗಿದ್ದಾಗ ಈ ಎಳೆಗಳು ಉಂಡೆಯ ಹಾಗೆ ಮುದುಡಿಕೊಂಡಿರುತ್ತವೆ, ಹರಿಯುವ ಆಯಿಲ್‌ಗೆ ಅಡ್ಡ ಬರುವುದಿಲ್ಲ. ಬಿಸಿಯಾದಾಗ ಬಿಚ್ಚಿಕೊಂಡು ಹರಡುತ್ತವೆ, ಆಯಿಲ್ ತೀರಾ ತೆಳುವಾಗದಂತೆ ಹಿಡಿಯುತ್ತವೆ. ಒಂದೇ ಡಬ್ಬ ಚಳಿಗೂ ಬಿಸಿಗೂ ಆಗುವುದು ಹೀಗೆ. ಇದರಲ್ಲಿ ಒಂದು ಕೊರತೆಯೂ ಇದೆ. ಬೇರಿಂಗಿನ ಸಂದಿನಲ್ಲಿ, ಟೈಮಿಂಗ್ ಚೈನಿನ ಹಲ್ಲುಗಳ ನಡುವೆ ಸಿಕ್ಕಿ ಈ ಎಳೆಗಳು ಕತ್ತರಿಸಿ ಹೋಗುತ್ತವೆ. ಓಡಿದಂತೆಲ್ಲ ಆಯಿಲ್ ತನ್ನ ಗ್ರೇಡಿನಿಂದ ಸ್ವಲ್ಪ ಕೆಳಗೆ ಜಾರುತ್ತದೆ. ಎರಡು ಅಂಕಿಗಳ ನಡುವಿನ ಅಂತರ ದೊಡ್ಡದಿದ್ದರೆ, ಉದಾಹರಣೆಗೆ 5ಡಬ್ಲ್ಯೂ-50ರಲ್ಲಿ, ಇಂಥ ಪಾಲಿಮರ್ ಸಾಮಾನ್ಯವಾಗಿ ಜಾಸ್ತಿ ಬೇಕಾಗುತ್ತದೆ. ಹಾಗಾಗಿ ಸಣ್ಣ ಅಂಕಿ ಮತ್ತು ದೊಡ್ಡ ಅಂಕಿ ಎರಡೂ ಇದ್ದ ಡಬ್ಬ ಎಲ್ಲಕ್ಕಿಂತ ಶ್ರೇಷ್ಠ ಎಂದು ಹಾರಿ ಬೀಳಬೇಕಿಲ್ಲ.

ಎರಡು 5ಡಬ್ಲ್ಯೂ-30 ಡಬ್ಬಗಳು ಒಂದೇ ಅಲ್ಲ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಗ್ರೇಡ್ ಎಂಬುದು ಆಯಿಲ್ ಎಷ್ಟು ದಪ್ಪ ಎಂದು ಮಾತ್ರ ಹೇಳುತ್ತದೆ. ಅದರೊಳಗೆ ಏನಿದೆ, ಎಷ್ಟು ಕಾಲ ತಾಳುತ್ತದೆ, ಯಾವ ಇಂಜಿನ್‌ಗೆ ಹೇಳಿ ಮಾಡಿಸಿದ್ದು ಎನ್ನುವುದನ್ನು ಹೇಳುವುದು ಸ್ಪೆಸಿಫಿಕೇಶನ್. ಡಬ್ಬದ ಮುಂದೆ ಗ್ರೇಡ್ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಸ್ಪೆಸಿಫಿಕೇಶನ್ ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದಷ್ಟು ಚಿಕ್ಕದಾಗಿ. ಡಬ್ಬ ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ.

ಅಲ್ಲಿ ಮೊದಲು ಕಾಣುವುದು ಎಪಿಐ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ದರ್ಜೆ. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಇಂಜಿನ್‌ಗೆ. ಸಿ ಎಂದಿದ್ದರೆ ಡೀಸೆಲ್‌ಗೆ. ಸ್ಪಾರ್ಕ್‌ನ ಎಸ್, ಕಂಪ್ರೆಷನ್‌ನ ಸಿ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ. ಎಸ್‌ಎಲ್ 2001ರದು, ಎಸ್‌ಎಂ 2004ರದು, ಎಸ್‌ಎನ್ 2010ರದು. ಆಮೇಲೆ ಎಸ್‌ಒ ಬರಬೇಕಿತ್ತು, ಆ ಅಕ್ಷರ ಬಿಟ್ಟು ನೇರ 2020ರಲ್ಲಿ ಎಸ್‌ಪಿ ಬಂತು. 2025ರಲ್ಲಿ ಎಸ್‌ಕ್ಯೂ. ಪೆಟ್ರೋಲ್ ಕಾರಿನ ಮಟ್ಟಿಗೆ ಹೊಸ ದರ್ಜೆ ಹಳೆಯದರ ಜಾಗದಲ್ಲಿ ಹಾಕಬಹುದು. ಹಳೆಯದನ್ನು ಹೊಸದರ ಜಾಗದಲ್ಲಿ ಹಾಕುವ ಹಾಗಿಲ್ಲ. ಎಸ್‌ಎ ಎಂದು ಬರೆದ ಡಬ್ಬ ಎಲ್ಲಾದರೂ ಕಂಡರೆ ಮುಟ್ಟಬೇಡಿ. 1930ರ ನಂತರದ ಇಂಜಿನ್‌ಗಳಿಗೆ ಅದು ಸಲ್ಲದು ಎಂದು ಆ ಸಂಸ್ಥೆಯೇ ಹೇಳಿದೆ.

ಎಸ್‌ಪಿ ಯಾಕೆ ಬೇಕಾಯಿತು ಎಂಬುದು ಸಣ್ಣ ಕಾರಿನವರು ತಿಳಿಯಲೇಬೇಕಾದ ಕಥೆ. ಈಗ ಒಂದು ಲೀಟರಿನ ಇಂಜಿನ್‌ಗೂ ಟರ್ಬೊ ಕೂರಿಸುತ್ತಾರೆ, ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುತ್ತಾರೆ. ಇಂಥ ಇಂಜಿನ್‌ನಲ್ಲಿ ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೆ ಒಂದು ತೊಂದರೆ ಬರುತ್ತಿತ್ತು. ಪಿಸ್ಟನ್ ಪಕ್ಕದಿಂದ ನುಸುಳಿದ ಆಯಿಲ್ ಹನಿ, ಸ್ಪಾರ್ಕ್ ಬರುವ ಮೊದಲೇ ತಾನೇ ಹೊತ್ತಿಕೊಳ್ಳುವುದು. ಸುತ್ತಿಗೆಯಲ್ಲಿ ಹೊಡೆದಂತೆ ಏಟು. ಪಿಸ್ಟನ್ನೇ ಒಡೆಯಬಹುದು. ಹುಡುಕಿದಾಗ ಗೊತ್ತಾಗಿದ್ದು ಆಯಿಲ್‌ನಲ್ಲಿ ಕೊಳೆ ತೊಳೆಯಲು ಹಾಕುವ ಕ್ಯಾಲ್ಸಿಯಂ ಆಧಾರಿತ ಡಿಟರ್ಜೆಂಟ್ ಈ ಕಾಟವನ್ನು ಹೆಚ್ಚಿಸುತ್ತದೆ ಎಂದು. ಹೊಸ ಆಯಿಲ್‌ಗಳಲ್ಲಿ ಅದರ ಪಾಲು ತಗ್ಗಿಸಿ ಮೆಗ್ನೀಸಿಯಂ ತಂದರು. ಟೈಮಿಂಗ್ ಚೈನ್ ಸವೆಯದಂತೆ ನೋಡುವ ಪರೀಕ್ಷೆಯನ್ನೂ ಎಸ್‌ಪಿಗೆ ಸೇರಿಸಿದರು. ನಿಮ್ಮದು ಟರ್ಬೊ ಪೆಟ್ರೋಲ್ ಆಗಿದ್ದರೆ ಬ್ರ್ಯಾಂಡ್ ಯಾವುದಾದರೂ ಇರಲಿ, ಎಸ್‌ಪಿ ಅಥವಾ ಅದಕ್ಕಿಂತ ಹೊಸದು ಇರಲಿ.

ಯುರೋಪಿನ ಕಾರು ತಯಾರಕರ ಕೂಟ ಎಸಿಇಎಯದು ಬೇರೆ ಪಟ್ಟಿ. ಅದರಲ್ಲಿ ಎ3/ಬಿ4, ಎ5/ಬಿ5, ಸಿ2, ಸಿ3 ಎಂಬ ಹೆಸರುಗಳು ಕಾಣುತ್ತವೆ. ಇದನ್ನು ಬಿಡಿಸಲು ಇನ್ನೊಂದು ಪರೀಕ್ಷೆ ಗೊತ್ತಿರಬೇಕು, ಎಚ್‌ಟಿಎಚ್‌ಎಸ್. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನ ಸಂದಿನಲ್ಲಿ ಅರೆದಂತೆ ಅರೆದು, ಆಯಿಲ್ ಎಷ್ಟು ದಪ್ಪ ಉಳಿಯಿತು ಎಂದು ಅಳೆಯುತ್ತಾರೆ. ಇದರ ಅಳತೆ ಬೇರೆ, ಸೆಂಟಿಸ್ಟೋಕ್ ಅಲ್ಲ. 30ರ ಗ್ರೇಡಿಗೆ ಇದು ಕನಿಷ್ಠ 2.9 ಇದ್ದರೆ ಸಾಕು. ಮೈಲೇಜ್ ನೋಡಿ ಮಾಡಿದ ಎ5/ಬಿ5 ಆಯಿಲ್‌ಗಳು ಅದರ ಮೇಲೆ 3.5ರ ಒಳಗೆ ನಿಲ್ಲುತ್ತವೆ. ಸಿ3 ಮತ್ತು ಎ3/ಬಿ4 ಕನಿಷ್ಠ 3.5 ಇರಲೇಬೇಕು. ಹಾಗಾಗಿ ಎರಡು ಡಬ್ಬದ ಮೇಲೂ 5ಡಬ್ಲ್ಯೂ-30 ಅಂತಲೇ ಇದ್ದು, ಒಂದು ಬಿಸಿಯಲ್ಲಿ ತೆಳು ಪದರ ಬಯಸುವ ಇಂಜಿನ್‌ಗೆ, ಇನ್ನೊಂದು ದಪ್ಪ ಪದರ ಬಯಸುವ ಇಂಜಿನ್‌ಗೆ ಇರಬಹುದು. ಗ್ರೇಡ್ ಮಾತ್ರ ನೋಡಿ ಕೊಂಡವರಿಗೆ ಇದು ಗೊತ್ತೇ ಆಗುವುದಿಲ್ಲ.

ಡೀಸೆಲ್ ಕಾರಿನವರು ಒಂದೇ ವಿಷಯ ನೋಡಿದರೆ ಸಾಕು: ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆಯಾ? ಇದ್ದರೆ ಬೂದಿ ಕಡಿಮೆ ಬಿಡುವ, ಎಸಿಇಎ ಪಟ್ಟಿಯ ಸಿ ಸಾಲಿನ (ಎಪಿಐನ ಸಿ ಅಲ್ಲ) ಆಯಿಲ್ಲೇ ಬೇಕು. ಅದರಲ್ಲೂ ಮ್ಯಾನ್ಯುವಲ್ ಹೇಳಿದ ಸಿ ಅಂಕಿ. ಮಸಿಯನ್ನು ಡಿಪಿಎಫ್ ಸುಟ್ಟುಹಾಕಿಕೊಳ್ಳುತ್ತದೆ, ಬೂದಿಯನ್ನು ಸುಡಲು ಆಗುವುದಿಲ್ಲ. ಅದು ಅಲ್ಲೇ ಕೂತು ದಾರಿ ಮುಚ್ಚುತ್ತದೆ.

ಇನ್ನು ಮನೆಯಲ್ಲಿ ಬೈಕೂ ಇದ್ದು, ಕಾರಿನ ಆಯಿಲ್ ಮಿಕ್ಕಿದ್ದರೆ ಅದನ್ನು ಬೈಕಿಗೆ ಸುರಿಯುವ ಆಸೆ ಬೇಡ. ಹೆಚ್ಚಿನ ಗೇರ್ ಬೈಕುಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್‌ನಲ್ಲಿ ಜಾರಿಕೆಗೆ ಹಾಕಿದ ವಸ್ತುಗಳಿಂದ ಕ್ಲಚ್ಚೂ ಜಾರಬಹುದು. ಬೈಕಿನ ಡಬ್ಬದ ಮೇಲೆ ಜಾಸೊ ಎಂಎ ಎಂಬ ಜಪಾನಿನ ದರ್ಜೆ ಇರುವುದು ಅದಕ್ಕೇ.

ಹಾಗಾದರೆ ಆರಿಸುವುದು ಹೇಗೆ

ಮ್ಯಾನ್ಯುವಲ್ ತೆಗೆಯಿರಿ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಪ್ಲಾಸ್ಟಿಕ್ ಬಿಚ್ಚದೆ ಬಿದ್ದಿರುವ ಆ ಪುಸ್ತಕದ ಕೊನೆಯ ಪುಟಗಳಲ್ಲಿ ಆಯಿಲ್‌ನ ಗ್ರೇಡ್, ಸ್ಪೆಸಿಫಿಕೇಶನ್ ಮತ್ತು ಅಳತೆ ಇರುತ್ತದೆ. ಅಳತೆಗೆ ಎರಡು ಅಂಕಿ ಕೊಟ್ಟಿರಬಹುದು, ಫಿಲ್ಟರ್ ಬದಲಿಸಿದರೆ ಒಂದು, ಬದಲಿಸದಿದ್ದರೆ ಇನ್ನೊಂದು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಮೂರು, ಮೂರೂವರೆ ಲೀಟರ್ ಆಸುಪಾಸು.

ಒಂದೇ ಗ್ರೇಡ್ ಹೇಳಿದ್ದರೆ ಯೋಚನೆ ಮಾಡುವ ಕೆಲಸವೇ ಇಲ್ಲ. ಎರಡು ಮೂರು ಹೇಳಿದ್ದರೆ ನಿಮ್ಮ ಓಡಾಟ ನೋಡಿ. ದಿನಾ ಐದಾರು ಕಿಲೋಮೀಟರ್ ಹೋಗಿ ನಿಲ್ಲಿಸುವ, ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡುವ ಕಾರಿಗೆ ಆ ಪಟ್ಟಿಯಲ್ಲಿ ತೆಳುವಾದದ್ದು ಒಳ್ಳೆಯದು. ಅದರ ಬದುಕಿನ ಬಹುಪಾಲು ಕೋಲ್ಡ್ ಸ್ಟಾರ್ಟ್‌ನಲ್ಲೇ ಕಳೆಯುತ್ತದೆ. ಭಾರ ಹೊತ್ತು ಬಿಸಿಲಿನಲ್ಲಿ ದೂರ ಹೋಗುವುದೇ ಜಾಸ್ತಿ ಆಗಿದ್ದರೆ ಪಟ್ಟಿಯ ದಪ್ಪದ ತುದಿಗೆ ಹೋಗಿ. ಪಟ್ಟಿ ದಾಟಿ ಹೋಗಬೇಡಿ ಅಷ್ಟೇ. ವಾರಂಟಿ ಇರುವ ಕಾರಿಗಂತೂ ಪಟ್ಟಿಯ ಹೊರಗಿನದು ಹಾಕಿ ಆಮೇಲೆ ವಾದ ಮಾಡುವುದು ತಲೆನೋವು.

0ಡಬ್ಲ್ಯೂ-20 ಹೇಳಿದ ಕಾರಿಗೆ ಅದನ್ನು ಹಾಕಲು ಹೆದರುವವರು ತುಂಬ ಜನ. ಈ ಅನುಮಾನ ಪೂರ್ತಿ ತಳವಿಲ್ಲದ್ದಲ್ಲ. ತೆಳು ಆಯಿಲ್ ಬಂದಿದ್ದರಲ್ಲಿ ಮೈಲೇಜ್ ನಿಯಮಗಳ ಒತ್ತಡ ದೊಡ್ಡದು, ಕಂಪನಿಗಳು ಇಂಜಿನ್ ಮೇಲಿನ ಪ್ರೀತಿಯಿಂದಷ್ಟೇ ಅದನ್ನು ತರಲಿಲ್ಲ. ಆದರೆ ಅಂಥ ಇಂಜಿನ್‌ನ ಪಂಪು, ಬೇರಿಂಗು, ಆಯಿಲ್ ದಾರಿ ಎಲ್ಲವನ್ನೂ ಆ ಆಯಿಲ್‌ಗೆ ತಕ್ಕಂತೆ ಮಾಡಿರುತ್ತಾರೆ. ಮೇಲಾಗಿ ಈಗಿನ ಇಂಜಿನ್‌ನಲ್ಲಿ ಆಯಿಲ್ ಬರೀ ಜಾರಿಕೆಗಲ್ಲ. ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವಿವಿಟಿ, ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಬಹಳಷ್ಟು ಕಾರುಗಳಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತವೆ. ದಪ್ಪ ಆಯಿಲ್ ಅವುಗಳ ಕೈಕಾಲು ಕಟ್ಟಿದಂತೆ.

ಹಳೆಯ ಇಂಜಿನ್ ಆಯಿಲ್ ಕುಡಿಯುತ್ತಿದ್ದರೆ? ಇಲ್ಲಿ ಮೆಕ್ಯಾನಿಕ್ ಮಾತಿಗೂ ಬೆಲೆ ಇದೆ. ಲಕ್ಷ ಕಿಲೋಮೀಟರ್ ದಾಟಿ, ಪಿಸ್ಟನ್ ಸುತ್ತಲಿನ ರಿಂಗ್ ಸವೆದು, ಆಗಾಗ ಟಾಪ್ ಅಪ್ ಮಾಡಬೇಕಾದ ಕಾರಿಗೆ 5ಡಬ್ಲ್ಯೂ-30 ಬದಲು, ಪಟ್ಟಿಯಲ್ಲಿ ಇದ್ದರೆ, 5ಡಬ್ಲ್ಯೂ-40 ಹಾಕಿದರೆ ಕುಡಿಯುವುದು ತಗ್ಗಬಹುದು. ಬದಲಾಗಿದ್ದು ಡ್ಯಾಶ್ ಆದ ಮೇಲಿನ ಅಂಕಿ ಮಾತ್ರ, ಅದೂ ಒಂದೇ ಮೆಟ್ಟಿಲು. ಡಬ್ಲ್ಯೂ ಮುಂದಿನದು ಹಾಗೇ ಇದೆ. ಇದು ರಿಪೇರಿ ಅಲ್ಲ, ರಿಪೇರಿಯನ್ನು ಮುಂದೂಡುವ ಉಪಾಯ.

ಮಿನರಲ್, ಸೆಮಿ ಸಿಂಥೆಟಿಕ್, ಫುಲ್ ಸಿಂಥೆಟಿಕ್ ಎಂಬ ಚರ್ಚೆಗೆ ಜಾಸ್ತಿ ಹೊತ್ತು ಬೇಕಿಲ್ಲ. 0ಡಬ್ಲ್ಯೂ ಗ್ರೇಡುಗಳು ಹೆಚ್ಚಾಗಿ ಸಿಂಥೆಟಿಕ್ಕೇ. ಉಳಿದದ್ದರಲ್ಲಿ ಮ್ಯಾನ್ಯುವಲ್ ಹೇಳಿದ ಗ್ರೇಡ್ ಮತ್ತು ಸ್ಪೆಸಿಫಿಕೇಶನ್ ಎರಡೂ ಹೊಂದಿದರೆ ಆಯಿತು. ಮೇಲಿಂದ ಸುರಿಯುವ ಪವಾಡದ ಬಾಟಲಿಗಳು ನನಗಂತೂ ಹಿಡಿಸುವುದಿಲ್ಲ. ಆಯಿಲ್ ಮಾಡಿದವರು ಅಳೆದು ತೂಗಿ ಹಾಕಿದ ಮಿಶ್ರಣಕ್ಕೆ ನಾವು ಒಗ್ಗರಣೆ ಹಾಕುವುದು ಬೇಡ.

ಹಾಕಿದ ಮೇಲೆ ನೋಡಬೇಕಾದ್ದು

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬೇಡಿ, ಕೊಳವೆಯ ಗೋಡೆಗೆ ತಾಗಿ ಎಲ್ಲೆಲ್ಲೋ ಹತ್ತಿರುತ್ತದೆ. ಎರಡು ಗುರುತುಗಳ ನಡುವೆ ಇದ್ದರೆ ಸರಿ. ಮೇಲಿನ ಗುರುತು ದಾಟಿ ತುಂಬಿಸುವುದು ಕಡಿಮೆ ಇರುವಷ್ಟೇ ಕೆಟ್ಟದ್ದು. ಕ್ರ್ಯಾಂಕ್‌ಶಾಫ್ಟ್ ಆಯಿಲ್‌ಗೆ ಬಡಿದು ನೊರೆ ಎಬ್ಬಿಸುತ್ತದೆ, ನೊರೆಗೆ ಪದರ ಹಿಡಿಯುವ ತಾಕತ್ತಿಲ್ಲ.

ಬಣ್ಣ ಕಪ್ಪಾಯಿತು ಅಂತ ಆಯಿಲ್ ಕೆಟ್ಟಿತು ಎಂದಲ್ಲ. ಕೊಳೆಯನ್ನು ತನ್ನಲ್ಲಿ ಹಿಡಿದುಕೊಂಡಿದೆ ಎಂದರ್ಥ, ಅದರ ಕೆಲಸವೇ ಅದು. ಡೀಸೆಲ್‌ನಲ್ಲಂತೂ ಬದಲಿಸಿದ ಮರುದಿನವೇ ಕಪ್ಪು. ಹಾಲಿನಂತೆ ಬೆಳ್ಳಗಾಗಿದ್ದರೆ ಮಾತ್ರ ನೀರು ಸೇರಿದೆ. ಮುಚ್ಚಳದ ಅಡಿಯಲ್ಲಿ ಮಾತ್ರ ತುಸು ಕೆನೆಯಂತಿದ್ದರೆ ಸಣ್ಣ ಸಣ್ಣ ಓಡಾಟದ ತೇವ ಇರಬಹುದು. ಡಿಪ್‌ಸ್ಟಿಕ್ಕಿನಲ್ಲೂ ಹಾಗೇ ಕಂಡರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು, ಗಾಡಿ ಓಡಿಸಬೇಡಿ.

ದಾರಿಯಲ್ಲಿ ಆಯಿಲ್ ಕಡಿಮೆಯಾಗಿ, ಅದೇ ಬ್ರ್ಯಾಂಡ್ ಸಿಗದಿದ್ದರೆ ಬೇರೆ ಬ್ರ್ಯಾಂಡಿನದು ಸೇರಿಸಬಹುದು. ಎಪಿಐ ದರ್ಜೆಯ ಆಯಿಲ್‌ಗಳು ಒಂದಕ್ಕೊಂದು ಬೆರೆಯಲೇಬೇಕು ಎಂಬ ನಿಯಮವೇ ಇದೆ. ಗ್ರೇಡ್ ತುಸು ಬೇರೆಯಾದರೂ ಆ ಹೊತ್ತಿಗೆ ಖಾಲಿ ಓಡಿಸುವುದಕ್ಕಿಂತ ಸಾವಿರ ಪಾಲು ವಾಸಿ.

ಬದಲಿಸುವ ಗಡುವು ಕಿಲೋಮೀಟರಿನಲ್ಲೂ ತಿಂಗಳಿನಲ್ಲೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದು. ಹಲವು ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ. ಧೂಳು, ಟ್ರಾಫಿಕ್, ಪುಟ್ಟ ಓಡಾಟ ಜಾಸ್ತಿ ಇದ್ದರೆ ಮ್ಯಾನ್ಯುವಲ್‌ನಲ್ಲಿ 'ಕಠಿಣ ಬಳಕೆ' ಎಂಬ ಬೇರೆ ಪಟ್ಟಿ ಇರುತ್ತದೆ, ಅಲ್ಲಿ ಗಡುವು ಇನ್ನೂ ಚಿಕ್ಕದು. ಕಾರು ಕಡಿಮೆ ಓಡಿದೆ ಅಂತ ಮೂರು ವರ್ಷ ಅದೇ ಆಯಿಲ್ ಇಟ್ಟುಕೊಂಡವರನ್ನು ನೋಡಿದ್ದೇನೆ. ಸುಡದ ಪೆಟ್ರೋಲ್ ಮತ್ತು ತೇವ ಆಯಿಲ್‌ಗೆ ಸೇರುವುದು ಅಂಥ ಕಾರಿನಲ್ಲೇ ಜಾಸ್ತಿ.

ನನ್ನ ಕಾರಿನ 20ಡಬ್ಲ್ಯೂ-50 ಅನ್ನು ಗಡುವಿಗೆ ಕಾಯದೆ ಇಳಿಸಿಬಿಟ್ಟೆ. ಹೊಸ ಫಿಲ್ಟರ್, ಮುಚ್ಚಳದ ಮೇಲಿದ್ದ ಗ್ರೇಡ್. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿ ಕಿವಿಗೊಟ್ಟೆ. ಒಂದು ಸೆಕೆಂಡಿನಷ್ಟು ಟಕ್ ಅಂದು ಸುಮ್ಮನಾಯಿತು. ಆಮೇಲೆ ಒಂದು ಬಿಳಿ ಟೇಪ್ ಮೇಲೆ ಗ್ರೇಡ್, ಎಸ್‌ಪಿ, ತಾರೀಕು, ಮೀಟರ್ ರೀಡಿಂಗ್ ನಾಲ್ಕನ್ನೂ ಬರೆದು ಬಾನೆಟ್‌ನ ಒಳಬದಿಗೆ ಅಂಟಿಸಿದ್ದೇನೆ. ಮುಂದಿನ ಸಲ ಸರ್ವಿಸಿಗೆ ಬಿಟ್ಟಾಗ ಬಾನೆಟ್ ಎತ್ತಿದವರಿಗೆ ಮೊದಲು ಕಾಣುವುದು ಅದೇ.